ಪ್ರತಿಕಾಯದ ಕೊರಳಿಗೆ ಗಂಟೆ

ಮಲೆನಾಡಿನಲ್ಲಿ ದನಗಳನ್ನು ಕಾಡಿಗೆ ಮೇಯಲು ಬಿಡುವವರು ಅವುಗಳ ಕೊರಳಿಗೆ ಗಂಟೆ ಕಟ್ಟುವುದುಂಟು. ದನವು ಪೊದೆಯ ಮರೆಯಲ್ಲಿದ್ದರೂ ಗಂಟೆಯ ನಾದವು ಅದಿರುವ ಎಡೆಯನ್ನು ತಿಳಿಸುವುದು. ದೇಹದೊಳಗೆ ಅಡಗಿರುವ ಏಡಿಗಂತಿಯನ್ನು, ಎಂದರೆ ಕ್ಯಾನ್ಸರನ್ನು, ಹುಡುಕಲು ವಿಜ್ಞಾನಿಗಳು ಇಂತಹುದೇ ಉಪಾಯವೊಂದನ್ನು ಹೂಡಿದ್ದಾರೆ.

ಪ್ರತಿಕಾಯಗಳು ನಮ್ಮ ರಕ್ತದಲ್ಲಿರುವ ಪ್ರೋಟೀನುಗಳು. ಕವಲೊಡೆದ ಕೋಲಿನಂತಿರುವ ಪ್ರತಿಕಾಯದ ಎರಡು ತೋಳುಗಳ ತುದಿಗಳು ಒಂದು ಗೊತ್ತಾದ ವಸ್ತುವನ್ನು ಮಾತ್ರ ಗುರುತಿಸಿ ಹಿಡಿಯುತ್ತವೆ. ಆ ವಸ್ತುವಿಗೆ ಪ್ರತಿಜನಕವೆಂದು ಹೆಸರು. ಕೆಲವು ಗಂತಿಗಳ ಜೀವಕೋಶಗಳ ಮೇಲೆ ಆರೋಗ್ಯದ ಕೋಶಗಳಲ್ಲಿರುವುದಕ್ಕಿಂತ ಬಹು ಹೆಚ್ಚಾಗಿ ಇರುವ ಪ್ರತಿಜನಕಗಳುಂಟು. ಅವನ್ನು ಅರಸಿ ಹೋಗುವ ಪ್ರತಿಕಾಯಕ್ಕೆ ವಿಕಿರಣಶೀಲ ಪರಮಾಣುವನ್ನು ಕಟ್ಟಿದರೆ, ಅದರಿಂದ ಹೊಮ್ಮುವ ಗಾಮಾ ಕಿರಣಗಳು ಹೊರಗಿನ ಯಂತ್ರದಲ್ಲಿ ಚಿತ್ರವಾಗಿ ಮೂಡುವುವು.

1948ರಲ್ಲಿ ಪ್ರೆಸ್‌ಮನ್ ಮತ್ತು ಕೀಲಿ ಎಂಬವರು ಇಲಿಯ ಮೂತ್ರಪಿಂಡವನ್ನು ಗುರುತಿಸುವ ಪ್ರತಿಕಾಯಗಳಿಗೆ ಅಯೊಡಿನ್-131ನ್ನು ಕಟ್ಟಿ, ಅವು ಆ ಅಂಗದಲ್ಲಿಯೇ ನೆಲಸುವುದನ್ನು ತೋರಿಸಿದರು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯಗಳನ್ನು ಬೇಕಾದಷ್ಟು ಪಡೆಯುವ ವಿಧಾನವನ್ನು ಕಂಡುಹಿಡಿದರು. 1978ರಲ್ಲಿ ಗೋಲ್ಡನ್‌ಬರ್ಗ್ ಮತ್ತು ಅವರ ಸಂಗಡಿಗರು ಇಂತಹ ಗುರುತಿನ ಪ್ರತಿಕಾಯಗಳಿಂದ ರೋಗಿಗಳ ಗಂತಿಗಳ ಚಿತ್ರಗಳನ್ನು ಪಡೆದ ವರದಿಯನ್ನು ಪ್ರಕಟಿಸಿದರು.

ಗಂಟೆಯನ್ನು ಕಟ್ಟುವುದೆಂತು? ಪ್ರೋಟೀನಿನಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಅಯೊಡಿನ್ ನೇರವಾಗಿ ಅಂಟಿಕೊಳ್ಳಬಲ್ಲುದು. ಆದರೆ ಆ ಟೈರೋಸಿನ್ ತೋಳಿನ ತುದಿಯಲ್ಲಿದ್ದರೆ ಪ್ರತಿಕಾಯದ ಹಿಡಿತವೇ ಕೆಡಬಹುದು. ಮೇಲಾಗಿ, ಕೋಶವು ಪ್ರತಿಕಾಯವನ್ನು ನುಂಗಿ ಜೀರ್ಣಿಸಿದಾಗ ಅಯೊಡಿನ್ ಕಳಚಿಕೊಂಡು ಥೈರಾಯ್ಡ್ ಗ್ರಂಥಿಯನ್ನು ಸೇರುವುದು. ಆದುದರಿಂದ ರೋಗಿಗೆ ಮೊದಲೇ ಸಾಧಾರಣ ಅಯೊಡಿನ್ನನ್ನು ಕೊಟ್ಟು ಆ ಗ್ರಂಥಿಯನ್ನು ತಣಿಸಿಡುತ್ತಾರೆ. ಇಂಡಿಯಮ್, ಜಿರ್ಕೋನಿಯಮ್ ಮುಂತಾದ ಲೋಹಗಳಿಗಾದರೋ ನಡುವೆ ಒಂದು ಕೊಂಡಿ ಬೇಕು. ಕೀಲೇಟರ್ ಎಂಬ ಆ ಅಣುವು ಒಂದು ಕಡೆ ಪ್ರತಿಕಾಯಕ್ಕೆ ಅಂಟಿ, ಇನ್ನೊಂದು ಕಡೆ ಲೋಹವನ್ನು ಅಪ್ಪಿ ಹಿಡಿಯುತ್ತದೆ. ಏಡಿಯ ಇಕ್ಕಳ ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಆ ಹೆಸರು ಬಂದಿದೆ. ಏಡಿಗಂತಿಯನ್ನು ಹುಡುಕಲು ಏಡಿಯ ಇಕ್ಕಳವೇ ಒದಗಿದುದು ವಿನೋದವಲ್ಲವೆ?

ಇನ್ನು ಕಾಲದ ಲೆಕ್ಕ. ಪ್ರತಿಕಾಯವು ದೊಡ್ಡ ಅಣು. ಅದು ರಕ್ತದಲ್ಲಿ ಹಲವು ದಿನ ಸುಳಿದಾಡುತ್ತದೆ. ರಕ್ತದಲ್ಲಿ ಉಳಿದುದು ಕಡಮೆಯಾಗಿ ಗಂತಿಯು ಎದ್ದು ಕಾಣಲು ಕೆಲವು ದಿನಗಳೇ ಬೇಕು. ಟೆಕ್ನೀಷಿಯಮ್-99ಎಮ್‌ನ ಅರ್ಧಾಯುಷ್ಯವು ಸುಮಾರು 6 ಗಂಟೆ. 72 ಗಂಟೆಗಳಲ್ಲಿ ಅದು 12 ಸಲ ಅರ್ಧವಾಗಿ, 4096ರಲ್ಲಿ ಒಂದು ಪಾಲು ಮಾತ್ರ ಉಳಿಯುವುದು. ಜಿರ್ಕೋನಿಯಮ್-89ರ ಅರ್ಧಾಯುಷ್ಯವು ಸುಮಾರು 78 ಗಂಟೆಯಾದುದರಿಂದ, ಆ ವೇಳೆಗೆ ಅರ್ಧಕ್ಕಿಂತ ಹೆಚ್ಚು ಉಳಿದಿರುವುದು. ಪ್ರತಿಕಾಯವನ್ನು ಕತ್ತರಿಸಿ ಅದರ ತೋಳನ್ನಷ್ಟೇ ಬಳಸುವುದು ಮತ್ತೊಂದು ದಾರಿ. ಈ ಸಣ್ಣ ತುಂಡು ರಕ್ತದಿಂದ ಬೇಗನೆ ತೊಲಗುವುದರಿಂದ ಅದಕ್ಕೆ ಟೆಕ್ನೀಷಿಯಮ್ ಸಾಕಾಗುತ್ತದೆ.

ಚಿತ್ರದಲ್ಲಿ ಬೆಳಗಿದುದೆಲ್ಲವೂ ಗಂತಿಯಲ್ಲವೆಂಬುದನ್ನು ನಾವು ಮರೆಯಬಾರದು. ಪ್ರತಿಕಾಯಗಳು ಯಕೃತ್ತಿನಲ್ಲಿಯೂ ಸೇರುತ್ತವೆ. ಗಂಟೆ ಕಳಚಿ ಬಿದ್ದರೆ ದನಗಾಹಿಯು ದನವಿಲ್ಲದೆಡೆಗೆ ಹೋದಾನು. ಗುರುತು ಕಳಚಿದರೆ ವೈದ್ಯನು ಗಂತಿಯಿಲ್ಲದೆಡೆಯಲ್ಲಿ ಗಂತಿಯನ್ನು ಕಂಡಾನು. ಗುರುತು ಭದ್ರವಾಗಿರಬೇಕು, ಪ್ರತಿಕಾಯದ ಕೆಲಸವನ್ನು ಕೆಡಿಸದಿರಬೇಕು, ಬೇಕಾದಷ್ಟೇ ಕಾಲ ಬಾಳಬೇಕು. ಈ ಮೂರು ನಿಯಮಗಳ ಮೇಲೆಯೇ ಚಿತ್ರದ ಸತ್ಯವೂ ಅದನ್ನು ನಂಬಿದ ರೋಗಿಯ ಹಿತವೂ ನಿಂತಿವೆ.