ಸಲಹೆಯ ತೂಕ, ನಿರಾಕರಣೆಯ ನಯ

ವಸ್ತುವಿನ ತೂಕವನ್ನು ತಿಳಿಯಲು ಪ್ರಯೋಗಶಾಲೆಯಲ್ಲಿ ತಕ್ಕಡಿಯುಂಟು. ಮಾತಿನ ತೂಕವನ್ನು ತಿಳಿಯುವ ಬಗೆ ಹೇಗೆ? ಇಂಗ್ಲಿಷಿನಲ್ಲಿ ಅದನ್ನು ಬಹುಮಟ್ಟಿಗೆ ಕೆಲವು ಸಣ್ಣ ಸಹಾಯಕ ಕ್ರಿಯಾಪದಗಳು ಸೂಚಿಸುತ್ತವೆ.

ನಾನು ವಿದ್ಯಾರ್ಥಿಯಾಗಿದ್ದಾಗ ಒಮ್ಮೆ ಸುರುಳಿಯೊಂದಕ್ಕೆ ವಿದ್ಯುತ್ತನ್ನು ಹಾಯಿಸಲು ಅಣಿಯಾಗಿದ್ದೆನು. ಬಳಿಯಲ್ಲಿದ್ದ ಇಂಗ್ಲೆಂಡಿನ ಅತಿಥಿಯೊಬ್ಬರು, ‘ಯು ಮೈಟ್ ವಾಂಟ್ ಟು ಚೆಕ್ ದಿ ಮೀಟರ್’ ಎಂದರು. ‘ಮೈಟ್’ ಎಂದರೆ ‘ಬಹುದು’. ಬೇಕಾದರೆ ನೋಡಬಹುದು, ಇಲ್ಲವಾದರೆ ಬಿಡಬಹುದು ಎಂದು ಬಗೆದು ಗುಂಡಿಯನ್ನೊತ್ತಿದೆನು. ಮೀಟರಿನ ಮುಳ್ಳು ಅಂಚಿಗೆ ಬಡಿದು ಬಾಗಿತು. ಅವರು ಎಚ್ಚರಿಸಿದ್ದರು, ನಾನು ಅದನ್ನು ಅನುಮತಿಯೆಂದು ತಿಳಿದಿದ್ದೆನು.

ಇದರ ಮರ್ಮವೇನು? ವುಡ್, ಕುಡ್, ಮೈಟ್, ಷುಡ್ ಎಂಬಿವು ಮೂಲತಃ ವಿಲ್, ಕ್ಯಾನ್, ಮೇ, ಷಲ್ ಎಂಬವುಗಳ ಭೂತಕಾಲದ ರೂಪಗಳು. ಆದರೆ ಸಲಹೆಯಲ್ಲಿ ಅವು ಕಳೆದ ಕಾಲವನ್ನು ಹೇಳುವುದಿಲ್ಲ. ಕಾಲದ ದೂರವೇ ಇಲ್ಲಿ ಮರ್ಯಾದೆಯ ದೂರವಾಗುತ್ತದೆ. ಹೇಳುವವನು ಒಂದು ಹೆಜ್ಜೆ ಹಿಂದೆ ಸರಿದು, ನಿರ್ಧಾರವನ್ನು ಕೇಳುವವನಿಗೇ ಬಿಡುತ್ತಾನೆ.

ಸಾಮಾನ್ಯವಾಗಿ ‘ಕುಡ್’, ‘ಮೈಟ್’ ಎಂಬಿವು ಸೂಚನೆ. ‘ಷುಡ್’, ‘ಆಟ್ ಟು’ ಎಂಬಿವು ಸಲಹೆ. ‘ಮಸ್ಟ್’ ಎಂಬುದು ಅನಿವಾರ್ಯತೆ. ಕನ್ನಡದ ‘ಬೇಕು’ ಎಂಬುದು ಸಲಹೆಗೂ ಅನಿವಾರ್ಯತೆಗೂ ಸಲ್ಲುವುದರಿಂದ, ನಮ್ಮ ವಿದ್ಯಾರ್ಥಿಗಳು ಎಲ್ಲೆಡೆಯೂ ‘ಮಸ್ಟ್’ ಎಂದುಬಿಡುತ್ತಾರೆ. ಸಲಹೆಯು ಆಜ್ಞೆಯಂತೆ ಕೇಳುತ್ತದೆ. ‘ಹ್ಯಾಡ್ ಬೆಟರ್’ ಎಂಬುದರಲ್ಲಿ ವಿಶೇಷ ಎಚ್ಚರ ಬೇಕು. ನೋಟಕ್ಕೆ ಅದು ‘ಮಾಡಿದರೆ ಮೇಲು’ ಎಂಬಷ್ಟು ಸೌಮ್ಯ. ಅರ್ಥದಲ್ಲಿ ‘ಮಾಡದಿದ್ದರೆ ಕೇಡು’ ಎಂಬ ಬೆದರಿಕೆಯ ಛಾಯೆಯುಂಟು. ಗುರುಗಳಿಗೆ ಹೇಳತಕ್ಕ ಮಾತಲ್ಲ.

ಇನ್ನು ನಿರಾಕರಣೆ. ಊಟಕ್ಕೆ ಕರೆದವರಿಗೆ ‘ಬೇಡ’ ಎಂಬುದನ್ನು ಪದಶಃ ತಿರುಗಿಸಿ ‘ಐ ಡೋಂಟ್ ವಾಂಟ್’ ಎಂದರೆ ಅದು ಒರಟು. ‘ಐ ವುಡ್ ಲವ್ ಟು, ಬಟ್ ಐ ಹ್ಯಾವ್ ಎ ಕ್ಲಾಸ್’ ಎನ್ನಬೇಕು: ಮೊದಲು ಇಷ್ಟ, ಆಮೇಲೆ ಅಡ್ಡಿ. ‘ಐ ಆ್ಯಮ್ ಅಫ್ರೇಡ್ ಐ ಕಾಂಟ್’ ಎಂಬಲ್ಲಿ ಭಯವೇನೂ ಇಲ್ಲ. ಒಲ್ಲೆನೆನ್ನುವ ಸಂಕೋಚ ಮಾತ್ರ. ಇದು ನಮಗೆ ಹೊಸದಲ್ಲ. ಹೊರಡುವಾಗ ‘ಹೋಗುತ್ತೇನೆ’ ಎನ್ನದೆ ‘ಹೋಗಿಬರುತ್ತೇನೆ’ ಎನ್ನುವವರು ನಾವು. ಒಲ್ಲದುದಕ್ಕೆ ‘ನೋಡೋಣ’ ಎನ್ನುವವರೂ ನಾವೇ. ಆದರೆ ಈ ‘ನೋಡೋಣ’ವನ್ನು ‘ಐ ವಿಲ್ ಟ್ರೈ’ ಎಂದು ಇಂಗ್ಲಿಷಿಗೆ ತಿರುಗಿಸಿದರೆ, ಕೇಳಿದವರು ನಿಮ್ಮ ದಾರಿಯನ್ನು ಕಾಯುತ್ತ ಕುಳಿತಾರು.

ಆದ್ದರಿಂದ ಮೃದುವಾದ ಸಲಹೆ ಕಿವಿಗೆ ಬಿದ್ದಾಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿರಿ: ಇದರಂತೆ ನಡೆಯದಿದ್ದರೆ ಏನಾದೀತು? ಮಾತು ಮೃದುವಾದ ಮಾತ್ರಕ್ಕೆ ಅಪಾಯವು ಮೃದುವಾಗದು.