‘ನನಗ ಬರೂದಿಲ್ರಿ’ ಎಂದಾಗ

ಮಕ್ಕಳೇ, ಕರಿಹಲಗೆಯ ಮೇಲೆ ಭಿನ್ನರಾಶಿಯ ಲೆಕ್ಕವೊಂದಿದೆ. ಛೇದಗಳು ಬೇರೆ ಬೇರೆ. ಸೀಮೆಸುಣ್ಣ ನಿಮ್ಮ ಕೈಯಲ್ಲಿದೆ, ಲೆಕ್ಕ ಮುಂದೆ ಸಾಗುತ್ತಿಲ್ಲ. ಆಗ ಬಾಯಿಗೆ ಬರುವ ಮಾತು ಯಾವುದು? ನೀವು ಬೈರಿದೇವರಕೊಪ್ಪದ ಕಡೆಯವರಾದರೆ “ಅಕ್ಕೋರೇ, ನನಗ ಇದು ಬರೂದಿಲ್ರಿ” ಎನ್ನುತ್ತೀರಿ. ಮೈಸೂರಿನ ಕಡೆಯವರಾದರೆ “ನಂಗೆ ಬರಲ್ಲ ಮಿಸ್” ಎನ್ನುತ್ತೀರಿ. ಧಾಟಿ ಬೇರೆ, ಒಳಗಿನ ಅಳುಕು ಒಂದೇ.

ಈ ಮಾತಿಗೆ ಎರಡು ಅರ್ಥಗಳಿರಬಹುದು. ‘ಇವತ್ತು ಬರುತ್ತಿಲ್ಲ’ ಎಂಬುದು ಒಂದು. ‘ನಾನು ಹುಟ್ಟಿದ್ದೇ ಹೀಗೆ, ಎಂದೂ ಬರುವುದಿಲ್ಲ’ ಎಂಬುದು ಇನ್ನೊಂದು. ನೀವು ಯಾವುದನ್ನು ನಂಬುತ್ತೀರಿ ಎಂಬುದರಿಂದ ಏನಾದರೂ ವ್ಯತ್ಯಾಸವಾಗುತ್ತದೆಯೇ? ಇದನ್ನು ವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ.

ಅಮೆರಿಕದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಮನೋವಿಜ್ಞಾನಿಗಳು 1998ರಲ್ಲಿ ಕೆಲವು ಪ್ರಯೋಗಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಭಾಗವಹಿಸಿದವರು 5ನೆಯ ತರಗತಿಯ ಮಕ್ಕಳು, ಅಂದರೆ ಹೆಚ್ಚುಕಡಿಮೆ ನಿಮ್ಮ ವಯಸ್ಸಿನವರೇ. ಮೊದಲು ಎಲ್ಲರಿಗೂ ಸುಲಭವಾದ ಚಿತ್ರ-ಒಗಟುಗಳನ್ನು ಕೊಟ್ಟರು. ಬಿಡಿಸಿದ ಮೇಲೆ ಕೆಲವರಿಗೆ “ನೀನು ಬಹಳ ಜಾಣ” ಎಂದು ಹೊಗಳಿದರು. ಇನ್ನು ಕೆಲವರಿಗೆ “ನೀನು ಚೆನ್ನಾಗಿ ಶ್ರಮಪಟ್ಟಿದ್ದೀಯ” ಎಂದರು. ಆಮೇಲೆ ಬಹಳ ಕಷ್ಟದ ಒಗಟುಗಳನ್ನು ಕೊಟ್ಟು, ಸರಿಯಾಗಿ ಮಾಡಲಿಲ್ಲ ಎಂದು ತಿಳಿಸಿದರು. ಮೂರನೆಯ ಸಲ ಮತ್ತೆ ಮೊದಲಿನಷ್ಟೇ ಸುಲಭದವು.

ಏನಾಯಿತು ಗೊತ್ತೇ? ‘ಜಾಣ’ ಎನಿಸಿಕೊಂಡವರಿಗೆ ಒಗಟು ಬಿಡಿಸುವ ಖುಷಿಯೇ ಕಡಿಮೆಯಾಗಿತ್ತು. ಮೂರನೆಯ ಸಲ ಅವರ ಅಂಕಗಳು ಮೊದಲಿಗಿಂತ ಇಳಿದವು. ಶ್ರಮಕ್ಕೆ ಹೊಗಳಿಸಿಕೊಂಡವರ ಅಂಕಗಳು ಏರಿದವು. ಒಂದೇ ವಾಕ್ಯದ ಹೊಗಳಿಕೆ ಇಷ್ಟು ಮಾಡಿತ್ತು! ಇನ್ನೊಂದು ಸಂಗತಿಯಂತೂ ಮನಸ್ಸಿಗೆ ನಾಟುತ್ತದೆ. ಬೇರೆ ಶಾಲೆಯ ಅಪರಿಚಿತ ಮಗುವಿಗೆ ಈ ಒಗಟುಗಳ ಬಗ್ಗೆ ಬರೆಯಿರಿ, ನಿಮ್ಮ ಅಂಕಗಳನ್ನೂ ತಿಳಿಸಿ ಎಂದಾಗ, ‘ಜಾಣ’ರ ಗುಂಪಿನಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳು ಅಂಕ ಹೆಚ್ಚಿಸಿ ಬರೆದಿದ್ದರು. ಅವರೇನು ಕೆಟ್ಟ ಮಕ್ಕಳಲ್ಲ. ಜಾಣ ಎಂಬ ಹೆಸರು ಸಿಕ್ಕ ಮೇಲೆ ಅದನ್ನು ಕಳೆದುಕೊಳ್ಳುವ ಹೆದರಿಕೆಯೂ ಜೊತೆಗೇ ಬರುತ್ತದೆ.

ಹಾಗಾದರೆ ಬುದ್ಧಿ ನಿಜವಾಗಿಯೂ ಬೆಳೆಯುತ್ತದೆಯೇ? ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶದಿಂದ ಇನ್ನೊಂದಕ್ಕೆ ಸುದ್ದಿ ಹೋಗುವ ಕೂಡುತಾಣಗಳು ಬಳಸಿದಂತೆಲ್ಲ ಬಲಗೊಳ್ಳುತ್ತವೆ, ಬಳಸದಿದ್ದರೆ ದುರ್ಬಲವಾಗುತ್ತವೆ. ಹೊಲದ ನಡುವೆ ನಾಲ್ಕು ಜನ ದಿನವೂ ತುಳಿದರೆ ಕಾಲುದಾರಿ ಮೂಡುತ್ತದೆ, ಓಡಾಟ ನಿಂತರೆ ಹುಲ್ಲು ಮುಚ್ಚುತ್ತದೆ, ಅಲ್ಲವೇ? ಹಾಗೆ. ಲಂಡನ್ ನಗರದ ಟ್ಯಾಕ್ಸಿ ಚಾಲಕರು ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಬೇಕು. ದಾರಿಗಳ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗದ ಹಿಂಬದಿ ಅವರಲ್ಲಿ ಇತರರಿಗಿಂತ ದೊಡ್ಡದಾಗಿರುವುದು 2000ದಲ್ಲಿ ತಿಳಿದುಬಂತು. ಮೊದಲೇ ದೊಡ್ಡದಿದ್ದವರು ಚಾಲಕರಾದರೋ, ಕಲಿತದ್ದರಿಂದ ದೊಡ್ಡದಾಯಿತೋ? ಕಲಿಯುವವರನ್ನು ಮೊದಲಿನಿಂದ ಕೊನೆಯವರೆಗೆ ಗಮನಿಸಿದ ಅಧ್ಯಯನ 2011ರಲ್ಲಿ ಬಂತು. ಕಲಿತು ಪರೀಕ್ಷೆ ಗೆದ್ದವರಲ್ಲಿ ಆ ಭಾಗ ಬೆಳೆದಿತ್ತು.

ಈಗ ನಮ್ಮೂರಿನ ಮಾತು. ಬೈರಿದೇವರಕೊಪ್ಪದಿಂದ ಹುಬ್ಬಳ್ಳಿಯ ಕಡೆ ಹೊರಟರೆ ಉಣಕಲ್ ಬರುತ್ತದೆ. ಅಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಗುರುಕುಲವಿದೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರು ಶಾಲೆಯಲ್ಲಿ ಓದಿದ್ದು 5ನೆಯ ತರಗತಿಯವರೆಗೆ ಮಾತ್ರ. ಜಾತಿಯ ಕಾರಣಕ್ಕೆ ಬಾಲ್ಯದಲ್ಲಿ ಅವಮಾನವನ್ನೂ ಉಂಡಿದ್ದರು. ಮುಂದೆ ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಆಗಲೇ ಅವರಿಗೆ ಮನೆ-ಮಕ್ಕಳ ಹೊಣೆಯಿತ್ತು. ಗುರುಗಳು ಒಂದೇ ಸ್ವರಗುಚ್ಛವನ್ನು ಸರಿಬರುವವರೆಗೆ ಮತ್ತೆ ಮತ್ತೆ ಹಾಡಿಸುತ್ತಿದ್ದರು. ಇಷ್ಟಾದ ಮೇಲೆ ಗಂಟಲಿನ ತೊಂದರೆ, ಚಿಕಿತ್ಸೆ. ಅದಾದ ನಂತರ ಅವರ ತೆಳುವಾದ ಧ್ವನಿ ದಪ್ಪವಾಗಿಬಿಟ್ಟಿತು. ಹಾಡುಗಾರ್ತಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದಿದ್ದೀತು? ಅವರು ಹಾಡುವುದನ್ನು ಬಿಡಲಿಲ್ಲ. ಬದಲಾದ ಆ ಗಂಭೀರ ಧ್ವನಿಯಲ್ಲೇ ಸಾಧನೆ ಮಾಡಿದರು, ಕೊನೆಗೆ ಅದೇ ಅವರ ಗುರುತಾಯಿತು. 2002ರಲ್ಲಿ ಪದ್ಮವಿಭೂಷಣ ಗೌರವ ಬಂತು. 2009ರಲ್ಲಿ ಅವರು ತೀರಿಕೊಂಡರು. ಅವರ ಹಳೆಯ ಮತ್ತು ನಂತರದ ಧ್ವನಿಮುದ್ರಣಗಳು ಸಿಕ್ಕಿದರೆ ಒಂದಾದ ಮೇಲೊಂದು ಕೇಳಿ. ಇಬ್ಬರು ಬೇರೆ ಬೇರೆಯವರು ಹಾಡಿದಂತೆ ಅನಿಸುತ್ತದೆ.

ಆದರೆ ಒಂದು ಎಚ್ಚರಿಕೆ. ‘ಬುದ್ಧಿ ಬೆಳೆಯುತ್ತದೆ’ ಎಂದು ಗೋಡೆಯ ಮೇಲೆ ಬರೆದ ಮಾತ್ರಕ್ಕೆ ಅಂಕ ಬರುವುದಿಲ್ಲ. ಅಮೆರಿಕದಲ್ಲಿ ಸುಮಾರು 12,000 ಮಕ್ಕಳಿಗೆ ಈ ವಿಷಯದ ಚಿಕ್ಕ ಪಾಠ ಮಾಡಿ ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಹಿಂದುಳಿದ ಮಕ್ಕಳ ಅಂಕಗಳು ಏರಿದ್ದು ನಿಜ, ಆದರೆ ಸ್ವಲ್ಪವೇ. ಹಸಿದು ಕುಳಿತವನಿಗೆ, ಹಲಗೆಯ ಅಕ್ಷರ ಮಸುಕಾಗಿ ಕಾಣುವವಳಿಗೆ “ಮನಸ್ಸು ಮಾಡು” ಎಂದರೆ ಏನು ಉಪಯೋಗ? ಅಕ್ಷರ ಮಸುಕಾಗಿ ಕಂಡರೆ ಇಂದೇ ಅಕ್ಕೋರಿಗೆ ಹೇಳಿ, ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ.

ಕಷ್ಟಕ್ಕೂ ಒಂದು ಹದವಿದೆ. 2ನೆಯ ತರಗತಿಯ ಮಕ್ಕಳೊಡನೆ ಖೋಖೋ ಆಡಿದರೆ ನಿಮಗೆ ಬೇಸರ. ಕಾಲೇಜಿನ ತಂಡದೊಡನೆ ಆಡಿದರೆ ನಿಮಿಷದಲ್ಲಿ ಔಟು. ನಿಮಗಿಂತ ತುಸು ಚುರುಕಾದವರೊಡನೆ ಆಡುವಾಗಲೇ ಹೊತ್ತು ಹೋದದ್ದು ತಿಳಿಯುವುದಿಲ್ಲ. ಲೆಕ್ಕವೂ ಹೀಗೆಯೇ. ಛೇದ ಬೇರೆಯಾದ ಲೆಕ್ಕ ಬಾರದಿದ್ದರೆ ಛೇದ ಒಂದೇ ಇರುವ ಲೆಕ್ಕಕ್ಕೆ ಇಳಿದು, ಅಲ್ಲಿಂದ ಮೆಟ್ಟಿಲು ಹತ್ತಿ.

ತುಸು ಕಷ್ಟಪಟ್ಟು ಕಲಿತದ್ದು ಹೆಚ್ಚು ದಿನ ಉಳಿಯುತ್ತದೆಯೇ? ನೀವೇ ಮಾಡಿ ನೋಡಿ. ಯಾರೂ ಓದಿರದ ಒಂದು ವಿಜ್ಞಾನದ ಪಾಠ ಆರಿಸಿ. ತರಗತಿಯನ್ನು ಎರಡು ಗುಂಪು ಮಾಡಿ. ಎಲ್ಲರೂ ಹತ್ತು ನಿಮಿಷ ಓದಿ. ಅನಂತರ ಒಂದು ಗುಂಪು ಅದನ್ನೇ ಇನ್ನೂ ಹತ್ತು ನಿಮಿಷ ಓದಲಿ. ಇನ್ನೊಂದು ಗುಂಪು ಪುಸ್ತಕ ಮುಚ್ಚಿ, ನೆನಪಾದಷ್ಟನ್ನು ಬರೆಯಲಿ. ತಿಣುಕಾಡಬೇಕಾಗುತ್ತದೆ, ಇರಲಿ. ಒಂದು ವಾರ ಯಾರೂ ಆ ಪಾಠ ತೆರೆಯಬಾರದು. ಎಂಟನೆಯ ದಿನ ಅಕ್ಕೋರು ಹತ್ತು ಪ್ರಶ್ನೆ ಕೇಳಲಿ. ಎರಡೂ ಗುಂಪುಗಳ ಸರಾಸರಿ ಅಂಕಗಳನ್ನು ಹಲಗೆಯ ಮೇಲೆ ಬರೆಯಿರಿ. ಚೀಟಿಯಲ್ಲಿ ಗುಂಪಿನ ಸಂಖ್ಯೆ ಮಾತ್ರ ಇರಲಿ, ಹೆಸರು ಬೇಡ. ಆಗ ಯಾರಿಗೂ ಅಂಕ ಹೆಚ್ಚಿಸಿ ಹೇಳುವ ಅಗತ್ಯ ಬೀಳುವುದಿಲ್ಲ.