ಹಿತ್ತಲ ಗೊಬ್ಬರಕ್ಕೆ ಗೋವಿನಜೋಳದ ದಂಟು

ಗೋವಿನಜೋಳದ ಕಟಾವು ಮುಗಿದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದಲ್ಲಿ ದಂಟಿಗೆ ಬೆಂಕಿ ಹಚ್ಚುವವರು ಇನ್ನೂ ಇದ್ದಾರೆ. ದನಕ್ಕೆ ಹಾಕಿ ಉಳಿದುದರಲ್ಲಿ ಒಂದು ಚಕ್ಕಡಿ ಹಿತ್ತಲಿಗೆ ತಂದರೂ ಮನೆಬಳಕೆಯ ಮೆಣಸಿನಗಿಡ, ಬದನೆ, ಕರಿಬೇವಿಗೆ ಗೊಬ್ಬರವಾದೀತು.

ದಂಟು ಕೊಳೆಯುವುದೇ ಇಲ್ಲ ಎಂಬ ದೂರಿದೆ. ಇಡಿಯಾಗಿ ತಿಪ್ಪೆಗೆ ಎಸೆದರೆ ಬೇಗ ಕೊಳೆಯುವುದಿಲ್ಲ, ನಿಜ. ಕೊಳೆಸುವ ಸೂಕ್ಷ್ಮಜೀವಿಗಳಿಗೆ 25–30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಬೇಕು. ಒಣದಂಟಿನಲ್ಲಿ ಇಂಗಾಲ ಸುಮಾರು ಅದರ ಎರಡುಪಟ್ಟು. ಕೊರತೆ ತುಂಬುವುದು ಸೆಗಣಿ, ಗಂಜಲ, ತರಕಾರಿ ಸಿಪ್ಪೆ, ಬದುವಿನ ಗೊಬ್ಬರದ ಗಿಡದ ಸೊಪ್ಪು. ಕಾಂಗ್ರೆಸ್ ಕಸವನ್ನೂ ಹಾಕಬಹುದು, ಆದರೆ ಹೂ ಬಿಡುವ ಮೊದಲೇ ಕಿತ್ತು ತನ್ನಿ. ಬೀಜ ಬಿದ್ದರೆ ಹಿತ್ತಲೆಲ್ಲ ಅದೇ.

ದಂಟನ್ನು ಗೇಣಿಗಿಂತ ಚಿಕ್ಕದಾಗಿ ಕಡಿದು, ಒಂದು ರಾತ್ರಿ ನೀರು ಕುಡಿಸಿ. ಅರ್ಧ ಅಡಿ ದಂಟು, ಮೇಲೆ ಹಸಿ ಕಸ, ಅದರ ಮೇಲೆ ಸೆಗಣಿ ಬಗ್ಗಡ, ಒಂದು ಬೊಗಸೆ ಮಣ್ಣು: ಹೀಗೆ ಮೂರು ಅಡಿ ಎತ್ತರ ಬರಲಿ. ಅಗಲವೂ ಮೂರಡಿಗೆ ಕಡಿಮೆಯಾದರೆ ಒಳಗೆ ಕಾವು ನಿಲ್ಲದು. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಜಿನುಗುವಷ್ಟು ತೇವ ಸಾಕು. ಹದಿನೈದು ದಿನಕ್ಕೊಮ್ಮೆ ತಿರುವಿದರೆ ಮೂರು ತಿಂಗಳ ಆಸುಪಾಸಿನಲ್ಲಿ ಹದಕ್ಕೆ ಬರುತ್ತದೆ. ತಿರುವುವ ಈ ಕ್ರಮ ಆಲ್ಬರ್ಟ್ ಹೊವಾರ್ಡ್ ಇಂದೋರಿನಲ್ಲಿ ರೂಪಿಸಿದ್ದು. ಬಿಡುವಿಲ್ಲದವರಿಗೆ ಸಿ. ಎನ್. ಆಚಾರ್ಯರ ಬೆಂಗಳೂರು ಪದ್ಧತಿ ಇದೆ: ಗುಂಡಿ ತುಂಬಿ, ಮಣ್ಣು-ಸೆಗಣಿಯಿಂದ ಮೆತ್ತಿ ಬಿಟ್ಟುಬಿಡುವುದು. ಆರರಿಂದ ಎಂಟು ತಿಂಗಳು ಕಾಯಬೇಕು, ಅಷ್ಟೇ.

ಗುಂಡಿಯೋ ಗುಡ್ಡೆಯೋ ಎಂಬುದನ್ನು ಮಳೆ ತೀರ್ಮಾನಿಸಲಿ. ಮಲೆನಾಡಿನ ಸೆರಗಿನ ಹಾನಗಲ್ಲದಲ್ಲಿ ಮಳೆಗಾಲದ ಗುಂಡಿ ಕೆರೆಯಾಗುತ್ತದೆ, ನೀರು ನಿಂತು ನಾರುತ್ತದೆ. ಅಲ್ಲಿ ನೆಲದ ಮೇಲೆ ಗುಡ್ಡೆ ಹಾಕಿ ತೆಂಗಿನಗರಿ ಹೊದಿಸುವುದೇ ಸರಿ. ಮಳೆ ಕಡಿಮೆಯಿರುವ ಸವಣೂರಿನ ಕಡೆ ಬೇಸಿಗೆಗೆ ಗುಂಡಿಯೇ ಮೇಲು, ತೇವ ಉಳಿಯುತ್ತದೆ.

ಕಪ್ಪಾಗಿ, ಪುಡಿಯಾಗಿ, ಮೊದಲ ಮಳೆಯ ಮಣ್ಣಿನಂತೆ ವಾಸನೆ ಬಂದರೆ ಗೊಬ್ಬರ ತಯಾರು. ಅರೆಕೊಳೆತದ್ದನ್ನು ಬುಡಕ್ಕೆ ಹಾಕಿದರೆ ಸಸಿಗೆ ಸಿಗಬೇಕಾದ ಸಾರಜನಕವನ್ನು ಸೂಕ್ಷ್ಮಜೀವಿಗಳೇ ಹಿಡಿದಿಟ್ಟುಕೊಂಡು ಎಲೆ ಹಳದಿಯಾಗುತ್ತದೆ, ಗೆದ್ದಲೂ ಬರುತ್ತದೆ. ಹರಡುವಾಗ ಬಾಗಿದ ಬಿಳಿ ಗೊಣ್ಣೆಹುಳು ಕಂಡರೆ ಆರಿಸಿ ಕೋಳಿಗಳ ಮುಂದೆ ಎಸೆಯಿರಿ.